ಆಲೂಗಡ್ಡೆ ಸಾರಾಯಿಯ ರಾಕೆಟ್

ನಿನ್ನೆ ರಾತ್ರಿ ಮಗಳ ಜೊತೆ ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್ 5 ರಾಕೆಟ್ ಏರುವ ಹಳೇ ವಿಡಿಯೋ ನೋಡುತ್ತಿದ್ದೆ. ‘ಅಪ್ಪಾ, ಇದನ್ನ ಯಾರು ಮಾಡಿದ್ದು?’ ಅಂದಳು. ವರ್ನರ್ ವಾನ್ ಬ್ರೌನ್ ಮತ್ತು ಅವರ ತಂಡ ಅಂದೆ. ಅಲ್ಲಿಗೇ ನಿಲ್ಲಿಸಿದೆ. ಅದಕ್ಕೂ ಮೊದಲು ಆತ ಮಾಡಿದ್ದೇನು ಅಂತ ಹೇಳೋಕೆ ಬಾಯಿ ಬರಲಿಲ್ಲ.

ಹಿಟ್ಲರನ ಜರ್ಮನಿಗೆ ವಿ-2 ಕ್ಷಿಪಣಿ. 14 ಮೀಟರ್ ಎತ್ತರ, ಮೂತಿಯಲ್ಲಿ ಸುಮಾರು ಒಂದು ಟನ್ ಸಿಡಿಮದ್ದು. ಇಂಧನ ಏನು ಗೊತ್ತಾ? ಆಲೂಗಡ್ಡೆಯಿಂದ ಬಟ್ಟಿ ಇಳಿಸಿದ ಆಲ್ಕೋಹಾಲ್, ಅದಕ್ಕೆ ಒಂದಿಷ್ಟು ನೀರು! ಉರಿಸೋಕೆ ದ್ರವ ಆಮ್ಲಜನಕ. 1944ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಬೀಳತೊಡಗಿತು. ಶಬ್ದಕ್ಕಿಂತ ಜಾಸ್ತಿ ವೇಗ. ಹಾಗಾಗಿ ಮೊದಲು ಸ್ಫೋಟ, ಆಮೇಲೆ ಅದು ಬರುವ ಸದ್ದು. ಅದೇ ವರ್ಷ ಜೂನ್‌ನಲ್ಲಿ ಪರೀಕ್ಷೆಗೆ ಅಂತ ನೆಟ್ಟಗೆ ಹಾರಿಸಿದ ಒಂದು ವಿ-2 ನೂರು ಕಿ.ಮೀ. ಎತ್ತರ ದಾಟಿತ್ತು. ಮನುಷ್ಯ ಮಾಡಿದ ವಸ್ತು ಬಾಹ್ಯಾಕಾಶ ಮುಟ್ಟಿದ್ದು ಅದೇ ಮೊದಲು.

ಇವು ತಯಾರಾಗುತ್ತಿದ್ದದ್ದು ಸುರಂಗದೊಳಗೆ, ಡೋರಾ ಅನ್ನೋ ನಾಜಿ ಸೆರೆಶಿಬಿರದ ಕೈದಿಗಳಿಂದ. ರಾಕೆಟ್ ಬಿದ್ದು ಸತ್ತವರಿಗಿಂತ ಅದನ್ನು ಮಾಡುತ್ತಾ ಸತ್ತವರೇ ಜಾಸ್ತಿ. ರಷ್ಯಾದವರದ್ದೂ ಬೇರೆ ಕಥೆ ಅಲ್ಲ ಬಿಡಿ, ಮೊದಲ ಉಪಗ್ರಹ ಸ್ಪುಟ್ನಿಕ್ ಹೊತ್ತ ಆರ್-7 ರಾಕೆಟ್ ಹುಟ್ಟಿದ್ದು ಅಣುಬಾಂಬ್ ಸಾಗಿಸೋಕೆ.

‘ಇನ್ನೊಂದ್ಸಲ ಹಾಕಪ್ಪಾ’ ಅಂದಳು. ಹಾಕಿದೆ.