ವಾಷಿಂಗ್ ಮಷಿನ್ ಊರಿನ ವೋಟು

ಇಲ್ಲಿ ಅಮೆರಿಕದಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಭದ್ರಾವತಿಯಿಂದ ಅಪ್ಪನ ಫೋನು ಬರುತ್ತದೆ. "ನಿಮ್ಮೂರು ಯಾರ ಕಡೆಗಮ್ಮಾ?" ಕ್ಷೇತ್ರದಲ್ಲಿ ಯಾವ ಜಾತಿಯ ವೋಟು ಎಷ್ಟು, ಯಾವ ಕೇರಿ ಎತ್ತ ವಾಲಿದೆ ಅಂತ ಬೆರಳು ಮಡಚಿ ಹೇಳುವ ಮನುಷ್ಯ ಅವರು. ಏಳು ವರ್ಷ ಇಲ್ಲಿದ್ದೂ ಮಗಳಿಗೆ ಊರಿನ ಲೆಕ್ಕ ಗೊತ್ತಿಲ್ಲವಲ್ಲ ಅಂತ ಅವರಿಗೆ ಬೇಜಾರು.

ನಮ್ಮೂರು ಅಂದರೆ ಅಯೋವಾ ರಾಜ್ಯದ ನ್ಯೂಟನ್. ಸುಮಾರು 15,000 ಜನ, ಸುತ್ತ ಮೆಕ್ಕೆಜೋಳ, ಸೋಯಾಬೀನ್. ಮೇಟ್ಯಾಗ್ ಕಂಪನಿ 1893ರಲ್ಲಿ ಹುಟ್ಟಿದ್ದು ಇಲ್ಲೇ, 1907ರಿಂದ ವಾಷಿಂಗ್ ಮಷಿನ್ ಮಾಡಿದ್ದೂ ಇಲ್ಲೇ. ಪಾರ್ಕಿಗೂ ಅದೇ ಹೆಸರು. 2006ರಲ್ಲಿ ವರ್ಲ್‌ಪೂಲ್ ಕಂಪನಿ ಅದನ್ನು ಕೊಂಡಿತು. ಮರುವರ್ಷ ನ್ಯೂಟನ್ ಕಾರ್ಖಾನೆಗೆ ಬೀಗ ಬಿತ್ತು. ಇದನ್ನು ಕೇಳಿದಾಗ ಅಪ್ಪ ಏನೂ ಹೇಳಲಿಲ್ಲ. ಅವರು ದುಡಿದ, ನಾನು ಅದರ ಕ್ವಾರ್ಟರ್ಸಿನಲ್ಲಿ ಬೆಳೆದ ಕಾಗದ ಕಾರ್ಖಾನೆ ನಿಂತದ್ದು 2015ರಲ್ಲಿ.

ಇನ್ನು ವೋಟಿನ ವಿಷಯ. ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆಯ ಹಾಗೆ. ನ್ಯೂಟನ್ ಇರುವ ಜ್ಯಾಸ್ಪರ್ ಕೌಂಟಿ 2008, 2012 ಎರಡರಲ್ಲೂ ಒಬಾಮಾರನ್ನು ಗೆಲ್ಲಿಸಿತು. 2016ರಿಂದ ಮೂರೂ ಸಲ ಟ್ರಂಪ್. ಅಯೋವಾದ 99 ಕೌಂಟಿಗಳಲ್ಲಿ ಎರಡು ಸಲ ಒಬಾಮಾರಿಗೆ ಕೊಟ್ಟು 2016ರಲ್ಲಿ ಟ್ರಂಪ್ ಕಡೆ ಹೊರಳಿದವು 31. ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಉತ್ತರದ ಹೊವರ್ಡ್ ಕೌಂಟಿಯಂತೂ 2012ರಲ್ಲಿ ಒಬಾಮಾರಿಗೆ ಶೇ. 20ಕ್ಕೂ ಹೆಚ್ಚಿನ ಅಂತರ ಕೊಟ್ಟು, ನಾಲ್ಕೇ ವರ್ಷದಲ್ಲಿ ಟ್ರಂಪ್‌ಗೂ ಅಷ್ಟೇ ಅಂತರ ಕೊಟ್ಟಿತು. ಅಂದಹಾಗೆ ಇಲ್ಲಿ ಕೆಂಪು ಅಂದರೆ ಟ್ರಂಪ್‌ರ ರಿಪಬ್ಲಿಕನ್ ಪಕ್ಷ. ಕೆಂಬಾವುಟ ಹಿಡಿದು ಗೇಟ್ ಮುಂದೆ ಕೂತಿದ್ದ ಅಪ್ಪನಿಗೆ ಇದನ್ನು ನಾಲ್ಕು ಸಲ ಬಿಡಿಸಿ ಹೇಳಿದ್ದೇನೆ.

ಪಕ್ಕದ ಮನೆಯ ಯಜಮಾನರು ಮೇಟ್ಯಾಗ್‌ನಲ್ಲಿ 31 ವರ್ಷ ದುಡಿದವರು, ಯೂನಿಯನ್ ಮನುಷ್ಯ. ಒಬಾಮಾಗೆ ಎರಡು ಸಲ ಹಾಕಿದವರು, ಟ್ರಂಪ್‌ಗೆ ಮೂರು ಸಲ. ಯಾರಿಗೆ ಹಾಕಿದಿರಿ ಅಂತ ಕೇಳುವುದು ಇಲ್ಲಿ ಸಲ್ಲದ ಮಾತು. ಹಿಮ ಎತ್ತಿಹಾಕುತ್ತಾ ನಿಂತಿದ್ದಾಗ ಅವರಾಗಿಯೇ ಹೇಳಿದ್ದು. 2009ರಲ್ಲಿ ಒಬಾಮಾ ಇಲ್ಲಿಗೇ ಬಂದಿದ್ದರು. ಹಳೇ ಮೇಟ್ಯಾಗ್ ಕಟ್ಟಡದಲ್ಲಿ ಗಾಳಿಯಂತ್ರದ ಕಂಬ ಮಾಡುವ ಕಾರ್ಖಾನೆ ಶುರುವಾಗಿತ್ತು, ಅಲ್ಲೇ ಭಾಷಣ. "ಕೆಲಸ ಬಂತು, ಇಲ್ಲ ಅನ್ನೋಲ್ಲ. ಆ ಸಂಬಳ ಬರಲಿಲ್ಲ," ಅಂದರು.

ನನಗೂ ಸ್ವಲ್ಪ ಜಾಣತನ ತೋರಿಸುವ ಚಟ. 2018ರ ಜನವರಿಯಲ್ಲಿ ಟ್ರಂಪ್ ಹೊರದೇಶದ ವಾಷಿಂಗ್ ಮಷಿನ್‌ಗಳ ಮೇಲೆ ಸುಂಕ ಹೇರಿದರಲ್ಲ, ಹೇರಿ ಅಂತ ಅರ್ಜಿ ಹಾಕಿದ್ದು ಯಾರು ಗೊತ್ತಾ ಅಂದೆ. ವರ್ಲ್‌ಪೂಲ್! ಇಲ್ಲಿ ಬೀಗ ಹಾಕಿದ ಕಂಪನಿಯೇ. ಲಾಭ ಆಗಿದ್ದರೆ ಅದರ ಒಹಾಯೋ ಕಾರ್ಖಾನೆಗೆ, ನ್ಯೂಟನ್ನಿಗೆ ಒಂದು ಮೊಳೆಯೂ ಬರಲಿಲ್ಲ. ಅವರು ಸಲಿಕೆ ಊರಿ ನಿಂತರು. "ಗೊತ್ತು ಕಣಮ್ಮಾ. ಆದ್ರೂ ಅಧ್ಯಕ್ಷರ ಬಾಯಲ್ಲಿ ವಾಷಿಂಗ್ ಮಷಿನ್ ಅನ್ನೋ ಮಾತು ನಾನು ಕೇಳಿದ್ದು ಅದೇ ಮೊದಲು."

ಈ ಮಾತಿಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ಒಪ್ಪಿಗೆಯೂ ಇಲ್ಲ. ವಲಸಿಗರ ಬಗ್ಗೆ ಅದೇ ಬಾಯಲ್ಲಿ ಬಂದ ಮಾತುಗಳನ್ನು ಗ್ರೀನ್ ಕಾರ್ಡಿಗೆ ಕಾಯುತ್ತಾ ಕೂತ ನಾನು ಕೇಳಿಸಿಕೊಳ್ಳದೆ ಇರಲಾರೆ. ಅದನ್ನೂ ಹೇಳಿದೆ. "ಅದು ನಿನ್ನಂಥವರಿಗಲ್ಲ" ಅಂದರು. ಎಲ್ಲರೂ ಹೀಗೇ ಅನ್ನುತ್ತಾರೆ.

2024ರ ಚುನಾವಣೆಗೆ ವಾರ ಇರುವಾಗ ಅವರ ಅಡುಗೆಮನೆ ಮೇಜಿನ ಮೇಲೆ ಮಾದರಿ ಬ್ಯಾಲೆಟ್ ನೋಡಿದೆ. ನಮ್ಮ ಸಿಇಟಿಯ ಓಎಂಆರ್ ಹಾಳೆಯ ಹಾಗೆ, ಎರಡೂ ಬದಿ ತುಂಬಿದೆ. ಒಂದೇ ಗುರುತು ಹಾಕಿ ಇಡೀ ಪಕ್ಷಕ್ಕೆ ಒತ್ತಿಬಿಡುವ ಸೌಲಭ್ಯ ಮೊದಲಿತ್ತಂತೆ, 2017ರ ಕಾನೂನಿನಲ್ಲಿ ತೆಗೆದರು. ಅಧ್ಯಕ್ಷರ ಸಾಲಿಗೆ ಅರೆ ಕ್ಷಣ. ಆಮೇಲೆ ಹಾಳೆ ತಿರುಗಿಸಿ ಕನ್ನಡಕ ಹಾಕಿಕೊಂಡರು. ಮಣ್ಣು-ನೀರು ಸಂರಕ್ಷಣೆಯ ಕಮಿಷನರ್, ಕೃಷಿ ವಿಸ್ತರಣಾ ಮಂಡಳಿ: ಇವಕ್ಕೆ ಪಕ್ಷದ ಗುರುತೇ ಇಲ್ಲ. ಯಾರ ಹೊಲದ ನೀರು ಯಾರ ಕಾಲುವೆಗೆ ಹೋಗುತ್ತದೆ ಅಂತ ನನಗೆ ಪೂರ್ತಿ ಇಪ್ಪತ್ತು ನಿಮಿಷ ವಿವರಿಸಿದರು. ನ್ಯಾಯಾಧೀಶರು ಮುಂದುವರಿಯಬೇಕೇ ಬೇಡವೇ ಅಂತಲೂ ಅದೇ ಹಾಳೆಯಲ್ಲಿ ಕೇಳುತ್ತಾರೆ. ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟ 2009ರ ತೀರ್ಪಿನ ಸಿಟ್ಟಿಗೆ ಅಯೋವಾ ಸುಪ್ರೀಂ ಕೋರ್ಟಿನ ಮೂವರನ್ನು ಜನ 2010ರಲ್ಲಿ ಮನೆಗೆ ಕಳಿಸಿದ್ದು ಈ ಗುರುತಿನಿಂದಲೇ.

ಮತದಾನಕ್ಕೆ ಮೂರು ದಿನ ಮುಂಚೆ ಡಿಮೋಯ್ನ್ ಪತ್ರಿಕೆಯ ಸಮೀಕ್ಷೆ ಬಂತು: ಅಯೋವಾದಲ್ಲಿ ಟ್ರಂಪ್‌ರ ಎದುರಾಳಿ ಕಮಲಾ ಹ್ಯಾರಿಸ್ ಶೇಕಡಾ 3 ಅಂಶ ಮುಂದೆ. ಲೆಕ್ಕ ತಪ್ಪದ ಸಮೀಕ್ಷೆ ಅಂತ ಹೆಸರಾದದ್ದು. ಕೊನೆಗೂ ಒಂದು ಲೆಕ್ಕ ಸಿಕ್ಕಿತು ಅಂತ ಅಪ್ಪನಿಗೆ ಕೂಡಲೇ ಫೋನ್ ಮಾಡಿದೆ. ಪಕ್ಕದ ಮನೆಯ ಯಜಮಾನರಿಗೆ ಹೇಳಿದಾಗ ಅವರು ನಕ್ಕರಷ್ಟೇ. ಟ್ರಂಪ್ 13 ಅಂಶದಿಂದ ಗೆದ್ದರು.

ಫಲಿತಾಂಶ ಬಂದ ಮೇಲೆ ಅಪ್ಪ ಮತ್ತೆ ಫೋನ್ ಮಾಡಿದರು. ಸಮೀಕ್ಷೆ ತಪ್ಪಿದ್ದಕ್ಕೆ ಏನೂ ಆಡಿಕೊಳ್ಳಲಿಲ್ಲ.

"ಹೋಗಲಿ, ಕಾರ್ಖಾನೆ ಮತ್ತೆ ತೆಗೀತೀವಿ ಅಂದ್ರಾ?"

"ಇಲ್ಲಪ್ಪ, ಇಲ್ಲಿ ಆ ಮಾತು ಯಾರೂ ಆಡೋಲ್ಲ."

"ಹೌದಾ? ನಮ್ಮಲ್ಲಿ ಇನ್ನೂ ಆಡ್ತಾರೆ," ಅಂದರು.