ಬಾಡಿಗೆಗೆ ಕೊಡೋಕೆ ಮನೆ ತಗೊಳ್ತೀರಾ? ಏರಿಯಾ ಹೀಗೆ ನೋಡಿ

ಬೆಂಗಳೂರಿನಲ್ಲಿ ಬೇರೆಯವರ ಮನೆಗಳನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವುದು ನನ್ನ ಕೆಲಸ. ಓನರ್‌ಗಳು ಹೆಚ್ಚಿನವರು ದೂರದ ಊರಲ್ಲೋ ಹೊರದೇಶದಲ್ಲೋ ಇರುತ್ತಾರೆ. ಇನ್ನೊಂದು ಮನೆ ತಗೊಳ್ಳೋಣ ಅಂದಾಗ ಎಲ್ಲರದೂ ಒಂದೇ ಪ್ರಶ್ನೆ, "ಯಾವ ಏರಿಯಾದಲ್ಲಿ ರೇಟ್ ಏರುತ್ತೆ?" ನಾನು ನೋಡುವುದು ಬೇರೆ. ಇರುವವರು ಖಾಲಿ ಮಾಡಿದ ಮೇಲೆ ಇನ್ನೊಬ್ಬರು ಎಷ್ಟು ಬೇಗ ಬರುತ್ತಾರೆ?

ಲೆಕ್ಕ ಹಾಕಿ. 80 ಲಕ್ಷದ ಫ್ಲಾಟು, ತಿಂಗಳಿಗೆ 25,000 ಬಾಡಿಗೆ ಅಂದುಕೊಳ್ಳೋಣ. ವರ್ಷಕ್ಕೆ 3 ಲಕ್ಷ, ಅಂದರೆ ಶೇ. 3.75. ಎರಡು ತಿಂಗಳು ಖಾಲಿ ಬಿದ್ದರೆ 50,000 ಹೋಯಿತು, ಆ ಎರಡು ತಿಂಗಳ ಮೇಂಟೆನೆನ್ಸ್ ನಿಮ್ಮ ತಲೆ ಮೇಲೆ, ಆಮೇಲೆ ಕಂದಾಯ, ನಲ್ಲಿ ರಿಪೇರಿ ಅಂತ ಕಳೆದರೆ ಶೇ. 3 ಕೂಡ ಉಳಿಯಲ್ಲ. ಬ್ಯಾಂಕ್ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತೆ, ಅಲ್ವಾ?

ಅದಕ್ಕೇ ಒಂದೇ ಟೆಕ್ ಪಾರ್ಕ್ ನಂಬಿಕೊಂಡಿರುವ ಏರಿಯಾ ಅಂದರೆ ನನಗೆ ಸ್ವಲ್ಪ ಹಿಂಜರಿಕೆ. 2020ರಲ್ಲಿ ಆಫೀಸುಗಳು ಮುಚ್ಚಿ ಹುಡುಗರೆಲ್ಲ ಊರಿಗೆ ಹೋದಾಗ ಮಾರತಹಳ್ಳಿ, ವೈಟ್‌ಫೀಲ್ಡ್ ಕಡೆ ಟು-ಲೆಟ್ ಬೋರ್ಡ್ ಇಲ್ಲದ ರಸ್ತೆ ಹುಡುಕಬೇಕಿತ್ತು. ವಿಜಯನಗರದಂಥ ಕಡೆ ನೋಡಿ: ಕೆಎಎಸ್, ಐಎಎಸ್ ಕೋಚಿಂಗ್‌ಗೆ ಬಂದವರು, ಸರ್ಕಾರಿ ನೌಕರರು, ವ್ಯಾಪಾರ ಮಾಡುವ ಕುಟುಂಬಗಳು, ಮೆಟ್ರೋ ಹಿಡಿದು ಬೇರೆ ಕಡೆ ಕೆಲಸಕ್ಕೆ ಹೋಗುವವರು, ಎಲ್ಲರೂ ಮನೆ ಹುಡುಕುತ್ತಾರೆ. ಒಂದು ಗುಂಪು ಹೋದರೂ ಇನ್ನೊಂದು ಇರುತ್ತೆ. ಮನೆ ನೋಡೋಕೆ ಅಷ್ಟೇನೂ ಝಗಮಗ ಇರಲ್ಲ, ಓನರ್‌ಗಳು ಮುಖ ಸಿಂಡರಿಸುತ್ತಾರೆ. ಇರಬೇಕಾದವರು ನೀವಲ್ಲವಲ್ಲ!

ಮೆಟ್ರೋ ಬರುತ್ತೆ ಅಂತ ಕಂಬ ನೋಡಿ ಕೊಳ್ಳುವವರಿಗೆ ಒಂದು ಮಾತು. ಆರ್‌.ವಿ. ರೋಡ್–ಬೊಮ್ಮಸಂದ್ರ ಹಳದಿ ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಅಲ್ಲಿನ ಜಾಹೀರಾತುಗಳಲ್ಲಿ ಮೆಟ್ರೋ ಓಡುತ್ತಲೇ ಇತ್ತು. ಅಲ್ಲಿಯವರೆಗಿನ ಕಂತು ಕಟ್ಟಿದವರು ನೀವೇ ತಾನೆ. ಸ್ಟೇಷನ್ 'ಹತ್ತಿರ' ಅಂದರೆ ರಾತ್ರಿ ಎಂಟಕ್ಕೆ ನಡೆದು ನೋಡಿ. ಫುಟ್‌ಪಾತ್ ಇದೆಯಾ, ಲೈಟ್ ಇದೆಯಾ, ಹೊಸೂರು ರಸ್ತೆ ದಾಟೋಕೆ ಆಗುತ್ತಾ? ಮನೆ ನೋಡಲು ಬರುವ ಹೆಣ್ಣುಮಕ್ಕಳು ಇದನ್ನೇ ಕೇಳುತ್ತಾರೆ.

ಇನ್ನು ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದ ಮೇಲೆ ಬಾಡಿಗೆದಾರರು ಮೊದಲು ಕೇಳುವುದೇ "ಕಾವೇರಿನಾ, ಟ್ಯಾಂಕರಾ?" ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು, ಪಾಲಿಕೆಗೆ ಸೇರಿದ್ದ 110 ಹಳ್ಳಿಗಳಿಗೆ ನೀರು ಕೊಡೋಕೆ. ಆದರೆ ರಸ್ತೆಯಲ್ಲಿ ಪೈಪ್ ಬಂದರೆ ಸಾಲದು, ಆ ಅಪಾರ್ಟ್‌ಮೆಂಟ್‌ಗೆ ಕನೆಕ್ಷನ್ ಬಂದಿದೆಯಾ ನೋಡಬೇಕು. ಅಸೋಸಿಯೇಷನ್‌ನವರ ಹತ್ತಿರ ಹೋದ ಏಪ್ರಿಲ್‌ನ ಟ್ಯಾಂಕರ್ ಬಿಲ್ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಅದೂ ಉತ್ತರವೇ. ನೀರಿಲ್ಲದ್ದು ಒಂದು ಕಷ್ಟ, ಮನೆಯೊಳಗೆ ನುಗ್ಗುವುದು ಇನ್ನೊಂದು: 2022ರಲ್ಲಿ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದ್ದು ನೆನಪಿದೆಯಲ್ಲ. ಕಾಂಪೌಂಡ್ ಗೋಡೆ ಮೇಲೆ ನೀರು ನಿಂತ ಗುರುತು ನೋಡಿ, ಸಾಧ್ಯವಾದರೆ ಜೋರು ಮಳೆ ಬಂದ ಮಾರನೇ ದಿನ ಹೋಗಿ.

ಬಾಡಿಗೆ ಎಷ್ಟು ಬರುತ್ತೆ ಅಂತ ಬಿಲ್ಡರ್‌ನ ಕೇಳಬೇಡಿ. ಬಾಡಿಗೆಗೆ ಮನೆ ಹುಡುಕುವವರ ಥರ ಟು-ಲೆಟ್ ಬೋರ್ಡ್‌ಗಳಿಗೆ ಫೋನ್ ಮಾಡಿ, ಅಡ್ವಾನ್ಸ್ ಎಷ್ಟಕ್ಕೆ ಇಳಿಯುತ್ತಾರೆ ನೋಡಿ. ಹತ್ತು ತಿಂಗಳದ್ದು ಕೇಳಿದವರು ಒಂದೇ ಮಾತಿಗೆ ಮೂರಕ್ಕೆ ಬಂದರೆ ಅಲ್ಲಿ ಮನೆಗಳು ಖಾಲಿ ಬಿದ್ದಿವೆ ಅಂತ ಅನುಮಾನ ಪಡಿ. ಬೀದಿಯ ಇಸ್ತ್ರಿ ಅಂಗಡಿಯವರನ್ನೂ ಮಾತಾಡಿಸಿ. ಯಾವ ಮನೆ ಯಾವಾಗ ಖಾಲಿ ಆಯಿತು, ಯಾಕೆ ಬಿಟ್ಟು ಹೋದರು ಅನ್ನೋದು ನಮ್ಮಂಥ ಬ್ರೋಕರ್‌ಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.

ಬಿ ಖಾತಾ (ಅನುಮತಿ, ದಾಖಲೆ ಪೂರ್ತಿ ಸರಿಯಿಲ್ಲದ ಆಸ್ತಿಯ ಖಾತಾ) ಮನೆ ಅಗ್ಗಕ್ಕೆ ಸಿಗುತ್ತೆ, ಬಾಡಿಗೆ ಅಷ್ಟೇ ಬರುತ್ತೆ, ತಗೊಳ್ಳಲಾ ಅಂತ ಕೇಳುವವರೂ ಇದ್ದಾರೆ. ಬಾಡಿಗೆದಾರ ಖಾತಾ ಕೇಳಲ್ಲ, ನಿಜ. ನೀವು ಮಾರೋಕೆ ಹೊರಟಾಗ, ಕೊಳ್ಳುವವರಿಗೆ ಸಾಲ ಕೊಡೋ ಬ್ಯಾಂಕ್ ಕೇಳುತ್ತೆ.