ಮುದ್ರೆ ಕೇಳೋ ಹಾಗಿಲ್ಲ, ಪುರಾವೆ ಕೇಳಬಹುದು

ನಾನು ಸ್ಥಳೀಯ ಆಡಳಿತದ ಕಚೇರಿಯೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತೇನೆ. ಬಲ್ಬು, ಪೊರಕೆ, ಫೈಲಿನ ರಟ್ಟು ಎಲ್ಲಕ್ಕೂ ನನ್ನದೇ ಸಹಿ. ನಮ್ಮಲ್ಲಿ ಇರುವುದು ಒಂದೇ ಮಂತ್ರ. ಯಾರು ಕಡಿಮೆ ಕೋಟ್ ಮಾಡಿದ್ದಾರೋ ಅವರಿಗೆ ಆರ್ಡರ್. ಹಾಗೆ ಮಾಡಿದರೆ ಆಡಿಟ್‌ನವರ ಕಾಟ ಇರುವುದಿಲ್ಲ, ರಾತ್ರಿ ನಿದ್ದೆಯೂ ಬರುತ್ತದೆ.

ಒಮ್ಮೆ ಸಭೆಯಲ್ಲಿ ಒಂದು ಸಣ್ಣ ನಿರ್ಣಯ ಪಾಸಾಯಿತು. ಇನ್ನು ಮುಂದೆ ನಾವು ಕೊಳ್ಳುವ ಕಾಫಿ ಫೇರ್‌ಟ್ರೇಡ್ ಆಗಿರಬೇಕು, ಅಂದರೆ ಬೆಳೆದವರಿಗೆ ನ್ಯಾಯವಾದ ಬೆಲೆ ಸಿಕ್ಕಿರಬೇಕು. ವಿಷಯ ಎತ್ತಿದ ಸದಸ್ಯೆ ಇಂಗ್ಲೆಂಡಿನ ಗಾರ್ಸ್ಟಾಂಗ್ ಎಂಬ ಪುಟ್ಟ ಪಟ್ಟಣದ ಕಥೆ ಹೇಳಿದರು. 2000ದಲ್ಲಿ ಅಲ್ಲಿನವರು ತಮ್ಮ ಊರನ್ನು ಜಗತ್ತಿನ ಮೊದಲ ಫೇರ್‌ಟ್ರೇಡ್ ಪಟ್ಟಣ ಎಂದು ಕರೆದುಕೊಂಡರಂತೆ. ಆಮೇಲೆ ಎಷ್ಟೋ ಊರುಗಳು ಅದೇ ದಾರಿ ಹಿಡಿದವು. ಹಾಗೆ ಕರೆಸಿಕೊಳ್ಳಬೇಕಾದರೆ ಸ್ಥಳೀಯ ಆಡಳಿತ ನಿರ್ಣಯ ಮಾಡಬೇಕು, ತನ್ನ ಸಭೆಗಳಲ್ಲೂ ಅಂಥದ್ದೇ ಕಾಫಿ, ಟೀ ಕೊಡಬೇಕು. ಎಲ್ಲರೂ ಮೇಜು ತಟ್ಟಿದರು. ಫೈಲು ನನ್ನ ಹತ್ತಿರ ಬಂತು.

ಇದೇನು ಮಹಾ ಕೆಲಸ ಅಂದುಕೊಂಡೆ. ಟೆಂಡರ್‌ನಲ್ಲಿ ಒಂದೇ ಸಾಲು ಬರೆದೆ: ‘ಪೊಟ್ಟಣದ ಮೇಲೆ ಫೇರ್‌ಟ್ರೇಡ್ ಮುದ್ರೆ ಇರತಕ್ಕದ್ದು.’ ಹತ್ತು ನಿಮಿಷದಲ್ಲಿ ಫೈಲು ಮೇಲೆ ಕಳಿಸಿ ಊಟಕ್ಕೆ ಹೋದೆ.

ಮಧ್ಯಾಹ್ನ ಕಾನೂನು ವಿಭಾಗದ ಮೇಡಂ ಕರೆಸಿದರು. "ಏನ್ರೀ ಇದು? ಒಂದೇ ಸಂಸ್ಥೆಯ ಮುದ್ರೆ ಕೇಳಿದರೆ ಬೇರೆಯವರಿಗೆ ಬಾಗಿಲು ಹಾಕಿದ ಹಾಗಲ್ವಾ? ನಾಳೆ ಯಾರಾದರೂ ಕೋರ್ಟಿಗೆ ಹೋದರೆ?"

ಅವರು ಹೇಳಿದ ಕೇಸು ನನಗೆ ಈಗಲೂ ಬಾಯಿಪಾಠ. ನೆದರ್‌ಲ್ಯಾಂಡ್ಸ್‌ನ ಉತ್ತರ ಹಾಲೆಂಡ್ ಪ್ರಾಂತ್ಯದವರು 2008ರಲ್ಲಿ ಕಾಫಿ ಯಂತ್ರಗಳಿಗೆ ಟೆಂಡರ್ ಕರೆದಿದ್ದರು. ಅದರಲ್ಲಿ ಮ್ಯಾಕ್ಸ್ ಹಾವೆಲಾರ್ ಎಂಬ ಫೇರ್‌ಟ್ರೇಡ್ ಮುದ್ರೆಯ ಹೆಸರು ಬರೆದಿದ್ದರು, ಥೇಟ್ ನನ್ನ ಹಾಗೇ. ವಿಷಯ ಯುರೋಪಿನ ನ್ಯಾಯಾಲಯದ ತನಕ ಹೋಯಿತು. 2012ರ ಮೇ ತಿಂಗಳಲ್ಲಿ ತೀರ್ಪು ಬಂತು. ಕಾಫಿ ನ್ಯಾಯಯುತ ವ್ಯಾಪಾರದ್ದಾಗಿರಬೇಕು ಅಂತ ಬಯಸುವುದು ತಪ್ಪಲ್ಲ. ಆದರೆ ಮುದ್ರೆಯ ಹೆಸರು ಬರೆದು ಸುಮ್ಮನಾಗುವಂತಿಲ್ಲ. ಆ ಮುದ್ರೆಯ ಹಿಂದಿರುವ ಷರತ್ತುಗಳನ್ನು ಬಿಡಿಸಿ ಬರೆಯಬೇಕು, ಅದಕ್ಕೆ ಬೇರೆ ರೀತಿಯ ಪುರಾವೆ ತಂದರೂ ಒಪ್ಪಬೇಕು.

"ಅದು ನಮ್ಮ ಕಾನೂನಲ್ಲ. ಆದರೆ ಬುದ್ಧಿ ಯಾರದ್ದಾದರೇನು?" ಅಂದರು ಮೇಡಂ.

ಮುದ್ರೆಯ ಹಿಂದೆ ಏನಿದೆ? ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಸಂಜೆ ತನಕ ಕೂತು ಓದಿದೆ. ಮೊದಲನೆಯದು ಕನಿಷ್ಠ ಬೆಲೆ. ನೀರಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾ ಕಾಫಿಗೆ ಅದು ಒಂದು ಪೌಂಡ್ ತೂಕಕ್ಕೆ 1.40 ಡಾಲರ್ ಇತ್ತು, 2023ರ ಆಗಸ್ಟ್‌ನಲ್ಲಿ 1.80 ಆಯಿತು. ಮಾರುಕಟ್ಟೆ ಬಿದ್ದರೂ ಅದಕ್ಕಿಂತ ಕೆಳಗೆ ಕೊಡುವಂತಿಲ್ಲ, ಏರಿದರೆ ಏರಿದ ಬೆಲೆಯನ್ನೇ ಕೊಡಬೇಕು. ಅದರ ಮೇಲೆ ಪೌಂಡಿಗೆ 20 ಸೆಂಟ್ ಪ್ರೀಮಿಯಂ, ಅಂದರೆ ಬೆಲೆಯ ಜೊತೆ ಸಂಘಕ್ಕೆ ಕೊಡುವ ಹೆಚ್ಚುವರಿ ಹಣ. ಆ ದುಡ್ಡಲ್ಲಿ ಏನು ಮಾಡಬೇಕು ಅಂತ ಬೆಳೆಗಾರರ ಸಂಘದವರೇ ಕೂತು ತೀರ್ಮಾನಿಸಬೇಕು, ಕೊಳ್ಳುವವರಲ್ಲ. ನನಗೆ ಇಡೀ ವ್ಯವಸ್ಥೆಯಲ್ಲಿ ಹಿಡಿಸಿದ್ದು ಇದೇ.

ಮರುದಿನ ಲೆಕ್ಕಪತ್ರದವರು ತಗಾದೆ ತೆಗೆದರು. "ಮಾರುವವರೇ ಕಮ್ಮಿಗೆ ಕೊಡ್ತೀವಿ ಅಂದರೆ ನಾವ್ಯಾಕೆ ಜಾಸ್ತಿ ಕೊಡಬೇಕು?" ನ್ಯಾಯವಾದ ಪ್ರಶ್ನೆಯೇ. ಇಷ್ಟು ವರ್ಷ ನಾನೂ ಅದನ್ನೇ ಕೇಳಿಕೊಂಡು ಬಂದವನು. 1989ರಲ್ಲಿ ಕಾಫಿಯ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ಪದ್ಧತಿ, ಅಂದರೆ ಯಾವ ದೇಶ ಎಷ್ಟು ರಫ್ತು ಮಾಡಬಹುದು ಎಂಬ ಮಿತಿ, ಮುರಿದುಬಿದ್ದಾಗ ಬೆಲೆ ಹೇಗೆ ಕುಸಿಯಿತು ಅಂತ ಹೇಳಿದೆ. ಕಡಿಮೆ ಕೋಟ್‌ನಿಂದ ನಮಗೆ ಉಳಿಯುವ ದುಡ್ಡು ತೋಟದಲ್ಲಿ ನಿಂತ ಯಾರದೋ ಜೇಬಿನಿಂದ ಹೋಗಿರುತ್ತದೆ ಅಂದೆ. ಅವರು ಪೂರ್ತಿ ಒಪ್ಪಲಿಲ್ಲ. ‘ಸಭೆಯ ನಿರ್ಣಯದಂತೆ’ ಅಂತ ಷರಾ ಬರೆದು ಸಹಿ ಹಾಕಿದರು. ನನಗೆ ಅಷ್ಟು ಸಾಕಿತ್ತು.

ಒಂದು ಸಾಲಿನ ಷರತ್ತು ಈಗ ಒಂದೂವರೆ ಪುಟ. ಕನಿಷ್ಠ ಬೆಲೆ, ಪ್ರೀಮಿಯಂ, ಹೊರಗಿನವರಿಂದ ತಪಾಸಣೆ ಎಲ್ಲ ಬರೆದು, ಕೊನೆಗೆ ‘ಅಥವಾ ಇದಕ್ಕೆ ಸಮನಾದ ಪುರಾವೆ’ ಅಂತ ಸೇರಿಸಿದೆ. ಮೇಡಂ ಎರಡು ಸಲ ಓದಿ ವಾಪಸ್ ಕೊಟ್ಟರು.

ಮೂರು ಟೆಂಡರ್ ಬಂದವು. ಒಂದರಲ್ಲಿ ಮುದ್ರೆಯ ಪ್ರಮಾಣಪತ್ರ ಇತ್ತು. ಇನ್ನೊಂದರಲ್ಲಿ ಮುದ್ರೆ ಇರಲಿಲ್ಲ, ಆದರೆ ಸಂಘಕ್ಕೆ ಕೊಟ್ಟ ಬೆಲೆಯ ದಾಖಲೆ, ತಪಾಸಣೆಯ ವರದಿ ಎಲ್ಲ ನೀಟಾಗಿ ಇದ್ದವು. ನನ್ನ ಮೊದಲ ಸಾಲೇ ಉಳಿದಿದ್ದರೆ ಇವರು ಹೊರಗೇ ಇರುತ್ತಿದ್ದರು. ಆರ್ಡರ್ ಹೋಗಿದ್ದು ಅವರಿಗೇ.

ಮೂರನೆಯದು ಎಲ್ಲರಿಗಿಂತ ಕಡಿಮೆ ಕೋಟ್. ಪುರಾವೆ ಅಂತ ಇದ್ದಿದ್ದು ಪೊಟ್ಟಣದ ಫೋಟೋ. ಅದರ ಮೇಲೆ ಹಸಿರು ಎಲೆ, ಎರಡು ಕೈಗಳು, ಕೆಳಗೆ ‘ರೈತರ ಗೆಳೆಯ’. ತಿರಸ್ಕರಿಸಿ ಪತ್ರ ಹಾಕಿದೆ. ಎರಡು ದಿನ ಬಿಟ್ಟು ಅವರದ್ದೇ ಫೋನ್ ಬಂತು.

"ಸರ್, ಆ ಎಲೆ ನಮ್ಮ ಡಿಸೈನರೇ ಬರೆದಿದ್ದು. ಸಣ್ಣದಾಯ್ತು ಅಂದರೆ ಹೇಳಿ, ದೊಡ್ಡದಾಗಿ ಪ್ರಿಂಟ್ ಮಾಡಿ ಕಳಿಸ್ತೀವಿ."